ಸೂರಗೊಂಡನಕೊಪ್ಪದ ಜಾತ್ರೆಯೂ ಹಳೆಯ ಹಾಡಿನ ತಟ್ಟೆಗಳೂ

ಶಿವಮೊಗ್ಗೆಯಿಂದ ಉತ್ತರಕ್ಕೆ, ಮಲೆನಾಡು ತನ್ನ ಮರಗಳನ್ನು ಒಂದೊಂದಾಗಿ ಹಿಂದೆ ಬಿಟ್ಟು ಬಯಲುಸೀಮೆಯ ಕಡೆಗೆ ಜಾರುವ ಪ್ರದೇಶದಲ್ಲಿ, ಸೂರಗೊಂಡನಕೊಪ್ಪವೆಂಬ ಊರೊಂದುಂಟು. ಹಳೆಯ ನಕ್ಷೆಯಲ್ಲಿ ಅದನ್ನು ಹುಡುಕುವವರು ಸ್ವಲ್ಪ ತಾಳ್ಮೆ ವಹಿಸಬೇಕು. ಬಹುಕಾಲ ಅದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿಯೊಡನೆ ತಾನೂ ಆ ಕಡೆಗೆ ಸರಿಯಿತು. ಈಚೆಗೆ ನ್ಯಾಮತಿ ಬೇರೆ ತಾಲ್ಲೂಕಾಗಲು ಅದರ ವಿಳಾಸ ಮತ್ತೊಮ್ಮೆ ಬದಲಾಯಿತು. ಊರು ಮಾತ್ರ ಇದ್ದಲ್ಲಿಯೇ ಇದೆ. ಅಲ್ಲಿಗೆ ಬರುವ ಜನಕ್ಕೆ ತಾಲ್ಲೂಕು ಯಾವುದಾದರೇನು? ಅವರಿಗೆ ಅದು ಭಾಯಾಗಡ್. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಜನಿಸಿದ ಸ್ಥಳ. ಲಂಬಾಣಿಗರು, ಬಂಜಾರರು, ತಮ್ಮನ್ನು ತಾವು 'ಗೋರಮಾಟಿ' ಎಂದು ಕರೆದುಕೊಳ್ಳುವ ಜನಾಂಗ, ಪ್ರತಿವರ್ಷ ಫೆಬ್ರವರಿಯ ಮಧ್ಯಭಾಗದಲ್ಲಿ ಇಲ್ಲಿ ಸಾಗರವಾಗಿ ಸೇರುತ್ತದೆ.

ಕನ್ನಡದ ಅಧ್ಯಾಪಕನಾದ ನನಗೆ ಅಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಹೋದದ್ದು ಹಾಡುಗಳನ್ನು ಹುಡುಕಿಕೊಂಡು. ಹಾಗೆ ಹೋಗುವಂತೆ ಮಾಡಿದ್ದು ಒಂದು ಪ್ರಶ್ನೆ. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೂಡಿಹಾಕುವುದು ನನಗೆ ಅಂಟಿಕೊಂಡಿರುವ ಒಂದು ಚಟ. ಅದರಲ್ಲಿಯೂ ಅರವತ್ತರ ದಶಕದ, ಯಾರ ಬಾಯಲ್ಲೂ ಇಲ್ಲದ, ಅಂಗಡಿಯವನಿಗೇ ಮರೆತುಹೋದ ತಟ್ಟೆಗಳೆಂದರೆ ಪ್ರಾಣ. ಒಮ್ಮೆ ತರಗತಿಯಲ್ಲಿ ಮೌಖಿಕ ಪರಂಪರೆಯ ಪಾಠ ಹೇಳುತ್ತಿದ್ದಾಗ ಮಾತು ಈ ತಟ್ಟೆಗಳ ಕಡೆಗೆ ಹೊರಳಿತು. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸಾರ್, ನಿಮ್ಮ ಹತ್ತಿರ ಅಷ್ಟೊಂದು ತಟ್ಟೆ ಇವೆಯಲ್ಲ, ನಮ್ಮ ತಾಂಡಾದವರ ಹಾಡಿನದು ಒಂದಾದರೂ ಇದೆಯೇ?" ಎಂದಳು. ಆ ಸಂಜೆ ಕಪಾಟಿನ ಎರಡು ಅಂಕಣಗಳನ್ನೂ ತಡಕಿದೆ. ಇರಲಿಲ್ಲ. "ಹಾಗಾದರೆ ಜಾತ್ರೆಗೆ ಬನ್ನಿ, ನಮ್ಮ ಅಜ್ಜಿಯೂ ಬರುತ್ತಾಳೆ" ಎಂದು ಆಕೆಯೇ ಆಹ್ವಾನವಿತ್ತಳು.

ಶಿವಮೊಗ್ಗೆಯಲ್ಲಿ ನಾನು ಹತ್ತಿದ ಬಸ್ಸಿನಲ್ಲಿ ಕಾಲೂರಲು ಸ್ಥಳವಿರಲಿಲ್ಲ. ಬಿಳಿಯ ಬಾವುಟ ಹಿಡಿದ ತರುಣರು, ಕೊರಳಲ್ಲಿ ಮಾಲೆ ಧರಿಸಿದ ವ್ರತಸ್ಥರು, ಮಡಿಲಲ್ಲಿ ಮಗುವನ್ನೂ ತಲೆಯ ಮೇಲೆ ಗಂಟನ್ನೂ ಹೊತ್ತ ತಾಯಂದಿರು. ನನ್ನ ಪಕ್ಕದಲ್ಲಿ ಕುಳಿತ ವೃದ್ಧೆಯ ಫೇಟಿಯಾ ಲಂಗದ ಅಂಚಿನಲ್ಲಿ ನೂರಾರು ಕನ್ನಡಿಯ ಚೂರುಗಳು. ಬಸ್ಸು ತಿರುವಿನಲ್ಲಿ ಓಲಿದಾಗಲೆಲ್ಲ ಅವುಗಳ ಬೆಳಕು ಛಾವಣಿಯ ಮೇಲೆ ಮೀನಿನ ಮರಿಗಳಂತೆ ಓಡಾಡುತ್ತಿತ್ತು. ರಸ್ತೆಯ ಎರಡೂ ಪಕ್ಕದಲ್ಲಿ ಕಾಲ್ನಡಿಗೆಯವರ ಸಾಲು. ದೂರದ ಜಿಲ್ಲೆಗಳಿಂದ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದ ಬಂದವರು. ಒಂದು ಕಾಲಕ್ಕೆ ಎತ್ತುಗಳ ಬೆನ್ನಿನ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದೇಶದ ಉದ್ದಗಲ ಸಂಚರಿಸಿ, ಸೈನ್ಯಗಳಿಗೂ ಸಂತೆಗಳಿಗೂ ಅನ್ನ ಮುಟ್ಟಿಸಿದ ಜನರಿವರು. ರೈಲು ಬಂತು, ಆ ವೃತ್ತಿ ಹೋಯಿತು. 1871ರ ಕಾಯಿದೆಯೊಂದು ಅಲೆಮಾರಿಗಳನ್ನೆಲ್ಲ ಅಪರಾಧಿಗಳೆಂದು ಬರೆದಿಡುವ ದಾರಿ ತೆರೆಯಿತು; ಆ ಕಳಂಕ ಕಾಗದದಿಂದ ಅಳಿಯಲು 1952 ಬರಬೇಕಾಯಿತು.

ಕೊಪ್ಪದಲ್ಲಿ ಸೇವಾಲಾಲರ ಗುಡಿಯೂ ಅವರು ಆರಾಧಿಸಿದ ಮರಿಯಮ್ಮನ ಗುಡಿಯೂ ಇವೆ. ತಂದೆ ಭೀಮಾನಾಯ್ಕ, ತಾಯಿ ಧರ್ಮಣಿ. ಬಾಲ್ಯದಲ್ಲಿ ದನ ಕಾಯ್ದ ಹುಡುಗ ಮುಂದೆ ಇಡೀ ಜನಾಂಗದ 'ಸೇವಾಭಾಯಾ' ಆದದ್ದು, ಸುಳ್ಳು ಕಳವು ಮದ್ಯಗಳನ್ನು ಬಿಡಿರೆಂದು ತಾಂಡಾದಿಂದ ತಾಂಡಾಕ್ಕೆ ಸಾರಿದ್ದು, ಕಡೆಗೆ ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ ಸಮಾಧಿ ಪಡೆದದ್ದು: ಈ ಕಥೆ ಬಹುಕಾಲ ಯಾವ ಪುಸ್ತಕದಲ್ಲಿಯೂ ಇರಲಿಲ್ಲ, ಹಾಡಿನಲ್ಲಿತ್ತು. ಗೋರಬೋಲಿಗೆ ತನ್ನದೇ ಲಿಪಿಯಿಲ್ಲ. ವಂಶಾವಳಿಯನ್ನು ನೆನಪಿನಲ್ಲಿ ಹೊತ್ತು ಹಾಡುವ ಢಾಡಿಗಳೇ ಈ ಜನಾಂಗದ ಗ್ರಂಥಭಂಡಾರ. ಕನ್ನಡಿಗರಾದ ನಾವು ಶಾಸನ, ತಾಳೆಗರಿಗಳ ಮೇಲೆ ಒರಗಿ ಕುಳಿತವರು. ಒಂದು ಜನಾಂಗ ಕೇವಲ ಕಂಠದ ಮೇಲೆ ತನ್ನ ಚರಿತ್ರೆಯನ್ನೆಲ್ಲ ಇಟ್ಟುಕೊಂಡು ಮೂರು ಶತಮಾನ ನಡೆದುಬಂದದ್ದು ನಮಗೆ ಸುಲಭವಾಗಿ ಅರ್ಥವಾಗುವ ಸಂಗತಿಯಲ್ಲ.

ಗುಡಿಯ ದರ್ಶನ ಮುಗಿಸಿ ಅಂಗಡಿಗಳ ಸಾಲಿಗೆ ಬಂದೆ. ಬೆಂಡು ಬತ್ತಾಸು, ಬಳೆ, ದೇವರ ಪಟ, ಪ್ಲಾಸ್ಟಿಕ್ಕಿನ ಪೀಪಿ. ಇವುಗಳ ನಡುವೆ ಆಳೆತ್ತರದ ಧ್ವನಿವರ್ಧಕವಿಟ್ಟುಕೊಂಡ ಹಾಡಿನ ಅಂಗಡಿ. ಹಿಂದೆ ಇಂಥಲ್ಲಿ ಕ್ಯಾಸೆಟ್ಟು, ಆಮೇಲೆ ಸೀಡಿ. ಈಗ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಮೆಮೊರಿ ಕಾರ್ಡು. ಸೇವಾಲಾಲರ ಭಜನೆಗೆ ಚಲನಚಿತ್ರದ ತಾಳ, ಯಂತ್ರದ ನಗಾರಿ, ಎದೆಯೊಳಗೆ ಗುದ್ದುವ ಮಂದ್ರ. ನನಗೇನೋ ಅದು ಹಿಡಿಸಲಿಲ್ಲವೆನ್ನಲಾರೆ. ಅದರ ಎದುರಿಗೆ ನಾಲ್ಕು ವರ್ಷದ ಪೋರನೊಬ್ಬ ಮೈಮರೆತು ಕುಣಿಯುತ್ತಿದ್ದ. "ಹಳೆಯ ಹಾಡು ಉಂಟೇನಪ್ಪ?" ಎಂದು ಕೇಳಿದೆ. "ಭಾಳ ಹಳೇವು ಅದಾವ್ರಿ" ಎಂದು ಅಂಗಡಿಯಾತ ಫೋನಿನ ತೆರೆಯ ಮೇಲೆ ಪಟ್ಟಿ ತೋರಿಸಿದ. ಸೇವಾಲಾಲ್ ಸಾಂಗ್ ಒಂದು, ಸೇವಾಲಾಲ್ ಸಾಂಗ್ ಎರಡು, ಹೋಳಿ ಹಳೇದು, ಹೋಳಿ ಹೊಸದು, ತೀಜ್ ಹನ್ನೊಂದು. ಹಾಡಿದವರಾರು? ಯಾವ ತಾಂಡಾದವರು? ಯಾವ ವರ್ಷ? "ಅದೆಲ್ಲ ಯಾರಿಗೆ ಬೇಕ್ರಿ, ಹಾಡು ಚಲೋ ಐತಿ" ಎಂದು ಆತ ನಕ್ಕ. ಇಪ್ಪತ್ತನೆಯದನ್ನು ಹಾಕಿದಾಗ, ಸವೆದ ಕ್ಯಾಸೆಟ್ಟಿನಿಂದ ಎತ್ತಿಕೊಂಡ ಒಂದು ಹೆಣ್ಣುದನಿ, ಕಂಚಿನ ಥಾಳಿಯ ನಾದದೊಡನೆ, ಬಿರುಗಾಳಿಯೊಳಗಿನಿಂದ ಕರೆದಂತೆ ಕೇಳಿಸಿತು. ಎಂಥ ದನಿ! ಆಕೆಯ ಹೆಸರು 'ತೀಜ್ ಹನ್ನೊಂದು'.

ನನ್ನ ಕಪಾಟಿನ ತಟ್ಟೆಗಳ ಮಾತನ್ನು ಇಲ್ಲಿಯೇ ಆಡಬೇಕು. ಜಾತ್ರೆಯ ಮಧ್ಯೆ ಅವು ನನ್ನನ್ನು ಕಾಡತೊಡಗಿದ್ದು ಈ ಅಂಗಡಿಯ ಮುಂದೆಯೇ.

ಧ್ವನಿಯನ್ನು ತಟ್ಟೆಗೆ ಇಳಿಸುವ ಕಲೆ ನಮ್ಮ ದೇಶಕ್ಕೆ ಬಂದದ್ದು 1902ರಲ್ಲಿ. ಆ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಳು. ಅವಳ ತಟ್ಟೆಗಳ ಕೊನೆಯಲ್ಲಿ ಒಂದು ವಿಶೇಷವುಂಟು. ಹಾಡು ಮುಗಿಯುತ್ತಿದ್ದಂತೆ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಜಂಬವೆಂದು ತಿಳಿಯಬೇಡಿ. ಆಗ ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿನ ಕೆಲಸಗಾರನಿಗೆ ಯಾವ ಮೇಣದ ಮೇಲೆ ಯಾರ ದನಿಯಿದೆಯೆಂಬುದು ತಿಳಿಯಬೇಕಲ್ಲ! ದೇಶದೇಶಗಳಲ್ಲಿ ಹೆಸರು ಗಳಿಸಿದ ಆ ಗಾಯಕಿ ಕೊನೆಗಾಲವನ್ನು ಕಳೆದದ್ದು ನಮ್ಮ ಮೈಸೂರಿನ ಆಸ್ಥಾನದಲ್ಲಿ. 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು.

ಮುಂದೆ ಕಲ್ಕತ್ತೆಯಲ್ಲಿಯೇ ಕಾರ್ಖಾನೆಯಾಯಿತು. ಡಂ ಡಂನ ಗ್ರಾಮಫೋನ್ ಕಂಪನಿ ಅರ್ಧ ಶತಮಾನ ದೇಶಕ್ಕೆಲ್ಲ ಹಾಡು ಬಡಿಸಿತು. ಮೊದಮೊದಲಿನವು ಅರಗಿನ ತಟ್ಟೆಗಳು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು, ಕೈಜಾರಿದರೆ ಚೂರುಚೂರು. ಆಮೇಲೆ ಬಳಕುವ ವಿನೈಲಿನ ಚಿಕ್ಕ ತಟ್ಟೆ, ನಿಮಿಷಕ್ಕೆ 45 ಸುತ್ತು; ದೊಡ್ಡ ತಟ್ಟೆ ಬಂದಾಗ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಗಿಲು. ಪಿ. ಕಾಳಿಂಗರಾಯರ ಕಂಠ ಕನ್ನಡ ಕವಿತೆಯನ್ನು ಮನೆಮನೆಗೆ ಒಯ್ದದ್ದು ಇಂಥ ತಟ್ಟೆಗಳಿಂದಲೂ ಹೌದು.

ಅರವತ್ತರ ದಶಕದ ಉತ್ತರಾರ್ಧದಲ್ಲಿ ಪಶ್ಚಿಮದಲ್ಲೊಂದು ವಿಚಿತ್ರ ಗಾಳಿ ಎದ್ದಿತು. 'ಸೈಕಡೆಲಿಕ್' ಎಂದು ಅದಕ್ಕೆ ಹೆಸರು. ಗ್ರೀಕಿನ ಎರಡು ಶಬ್ದಗಳನ್ನು ಸೇರಿಸಿ ಒಬ್ಬ ವೈದ್ಯ ಐವತ್ತರ ದಶಕದಲ್ಲಿ ಕಟ್ಟಿದ ಪದ. ಮನಸ್ಸನ್ನು ಬಯಲಿಗೆ ತೋರುವುದು ಎಂದು ಅದರ ಇಂಗಿತ. ಗಿಟಾರಿನ ತಂತಿಯನ್ನು ವಿದ್ಯುತ್ತಿನಿಂದ ಕಿರುಚಿಸುವುದು, ಟೇಪನ್ನು ಹಿಂದುಮುಂದಾಗಿ ಓಡಿಸುವುದು, ದನಿಯನ್ನು ಬಾವಿಯೊಳಗಿನಿಂದ ಬಂದಂತೆ ಕೇಳಿಸುವುದು, ನಡುವೆ ಎಲ್ಲಿಂದಲೋ ಒಂದು ಸಿತಾರ್! ಇದರ ಹಿಂದೆ ಮಾದಕ ದ್ರವ್ಯಗಳ ಸಹವಾಸವಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದು ಹಲವು ತರುಣರನ್ನು ಬಲಿ ತೆಗೆದುಕೊಂಡಿತು. ಸಂಗೀತದ ಮಟ್ಟಿಗೆ ಮಾತ್ರ ಅದೊಂದು ಹಬ್ಬ. ಪ್ರಸಿದ್ಧರ ತಟ್ಟೆಗಳು ಕೋಟಿಗಟ್ಟಲೆ ಖರ್ಚಾದವು. ನೂರಾರು ಸಣ್ಣಪುಟ್ಟ ತಂಡಗಳು ಒಂದೊಂದೇ ತಟ್ಟೆ ತಂದು, ಅದು ಮಾರಾಟವಾಗದೆ, ಹೇಳಹೆಸರಿಲ್ಲದೆ ಹೋದವು.

ಹಾಗೆ ಹೋದವರಲ್ಲಿ ನಮ್ಮವನೊಬ್ಬನೂ ಉಂಟು. ಬೆಂಗಳೂರಿನಲ್ಲಿ ಬೆಳೆದ ಕೊಡವ ಹುಡುಗ ಬಿದ್ದು ಅಪ್ಪಯ್ಯ, ಗೆಳೆಯರೊಡನೆ 'ಟ್ರೋಜನ್ಸ್' ಎಂಬ ತಂಡ ಕಟ್ಟಿ ಹಾಡಿದ. ತಂಡ ಒಡೆದ ಮೇಲೆ ಮುಂಬಯಿಯಲ್ಲಿ ಒಂಟಿಯಾಗಿ ಹಾಡಿದ. ನಂತರ ಲಂಡನ್ನಿಗೆ ಹೊರಟುಬಿಟ್ಟ. 1967ರಲ್ಲಿ ಅಲ್ಲಿನ ರೀಗಲ್ ಜೋನೊಫೋನ್ ಸಂಸ್ಥೆ ಅವನ 'ಡಾಟರ್ ಆಫ್ ಲವ್' ಎಂಬ ಹಾಡನ್ನು ಚಿಕ್ಕ ತಟ್ಟೆಯಾಗಿ ತಂದಿತು. ಬಿದ್ದುವಿನ ತಟ್ಟೆಯೂ ಬಿದ್ದುಹೋಯಿತು! (ಅಧ್ಯಾಪಕರ ಶ್ಲೇಷೆಯನ್ನು ವಾಚಕರು ಮನ್ನಿಸಬೇಕು.) ಏಳು ವರ್ಷಗಳ ತರುವಾಯ, 1974ರಲ್ಲಿ, ಅದೇ ಬಿದ್ದು ನಿರ್ಮಿಸಿದ 'ಕುಂಗ್ ಫೂ ಫೈಟಿಂಗ್' ಇಂಗ್ಲೆಂಡು ಅಮೆರಿಕಗಳೆರಡರಲ್ಲಿಯೂ ಮೊದಲ ಸ್ಥಾನಕ್ಕೇರಿತು. ತಟ್ಟೆಯ ಹಿಂಬದಿಗೆ ಸಾಕು ಎಂದು ಅವಸರದಲ್ಲಿ ಮುಗಿಸಿದ ಹಾಡು ಅದು. 1980ರಲ್ಲಿ ನಾಜಿಯಾ ಹಸನ್ನಳ ಹಿಂದಿ ಹಾಡಿನಿಂದ ಅವನ ಹೆಸರು ನಮ್ಮ ಮನೆಗಳಿಗೂ ಬಂತು. ಇಷ್ಟಾದ ಮೇಲೆ ಜನ ಹಿಂದಿರುಗಿ ಆ ಮೊದಲ ತಟ್ಟೆಯನ್ನು ಹುಡುಕತೊಡಗಿದರು.

ನಮ್ಮ ದೇಶದೊಳಗೂ ಇಂಥ ಹುಡುಗರಿದ್ದರು. ಇಂಪೀರಿಯಲ್ ಟೊಬ್ಯಾಕೊ ಕಂಪನಿ ತನ್ನ ಸಿಮ್ಲಾ ಸಿಗರೇಟಿನ ಪ್ರಚಾರಕ್ಕಾಗಿ ಅಖಿಲ ಭಾರತ 'ಸಿಮ್ಲಾ ಬೀಟ್' ಸ್ಪರ್ಧೆ ನಡೆಸಿತು. ಗೆದ್ದ ತಂಡಗಳ ಹಾಡುಗಳು 1970ರಲ್ಲಿ ಒಂದು, 1971ರಲ್ಲಿ ಒಂದು ದೊಡ್ಡ ತಟ್ಟೆಯಾಗಿ ಬಂದವು. ಶಿಲ್ಲಾಂಗಿನ ಫೆಂಟೋನ್ಸ್ ಮೊದಲಾದ ಕಾಲೇಜು ಹುಡುಗರ ತಂಡಗಳು, ಸಾಲ ತಂದ ಗಿಟಾರು, ಇಂಗ್ಲಿಷಿನಲ್ಲಿಯೇ ಕಟ್ಟಿದ ಹಾಡು. ಧೂಮಪಾನದ ಜಾಹೀರಾತಿನಿಂದ ಸಂಗೀತಕ್ಕೆ ಇಷ್ಟು ಉಪಕಾರವಾದುದೂ ಒಂದು ಚೋದ್ಯವೇ! ಆ ತಟ್ಟೆಗಳು ಬೇಗನೆ ಕಣ್ಮರೆಯಾದವು. ಹಲವು ದಶಕಗಳ ಮೇಲೆ ಜರ್ಮನಿಯ ಸಂಸ್ಥೆಯೊಂದು ಅವನ್ನು ಪುನಃ ಅಚ್ಚು ಹಾಕಿತು. ನನ್ನ ಬಳಿ ಇರುವುದು ಆ ಮರುಮುದ್ರಣ. ಮೂಲವನ್ನು ಕೊಳ್ಳುವ ಶಕ್ತಿ ಅಧ್ಯಾಪಕನ ಸಂಬಳಕ್ಕಿಲ್ಲ.

ಕನ್ನಡದಲ್ಲಿ ಈ ಗಾಳಿ ಬೀಸಿದ್ದು ಚಲನಚಿತ್ರದ ಕಿಟಕಿಯಿಂದ. ದೊರೆ-ಭಗವಾನರು 1968ರಲ್ಲಿ ತೆಗೆದ 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರಗಳಲ್ಲಿ ರಾಜಕುಮಾರರು ಪತ್ತೇದಾರರಾದರು, ಜಿ. ಕೆ. ವೆಂಕಟೇಶ್ ಅದಕ್ಕೆ ತಕ್ಕ ಗಿಟಾರು, ಡ್ರಮ್ಮು, ಕಹಳೆಗಳ ಸಂಗೀತ ಹೊಂದಿಸಿದರು. ಅದೇ ಸರಣಿಯ 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ರಾಜಕುಮಾರರು ಹಾಡಿದ ಇಂಗ್ಲಿಷ್ ಹಾಡು ಇಂದಿಗೂ ಮಕ್ಕಳ ಬಾಯಲ್ಲಿದೆ. ವೆಂಕಟೇಶರ ಬಳಿ ಗಿಟಾರು ನುಡಿಸುತ್ತ ಸಹಾಯಕನಾಗಿದ್ದ ತರುಣನೇ ಮುಂದೆ ಇಳಯರಾಜ.

ಇಂಥ ತಟ್ಟೆಗಳ ಮರುಮುದ್ರಣವೆಂಬುದು ಪುಸ್ತಕದ ಎರಡನೆಯ ಆವೃತ್ತಿಯಷ್ಟು ಸುಲಭವಲ್ಲ. ಮೂಲ ಟೇಪು ದೊರೆತರೆ ಪುಣ್ಯ. ದೊರೆಯದಿದ್ದರೆ, ಇರುವುದರಲ್ಲಿ ಗೀರಿಲ್ಲದ ಒಂದು ತಟ್ಟೆಯನ್ನು ಹುಡುಕಿ, ಅದನ್ನೇ ನುಡಿಸಿ ದನಿಯನ್ನು ಎತ್ತಿಕೊಂಡು, ಚಟಪಟ ಶಬ್ದಗಳನ್ನು ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ತೆಗೆದು, ಹೊಸ ಅಚ್ಚು ಕೊರೆದು, ಅದರಿಂದ ಲೋಹದ ಪಡಿಯಚ್ಚು ಮಾಡಿ ಒತ್ತಬೇಕು. ಇದಕ್ಕಿಂತ ಕಷ್ಟವಾದುದು ಜನರನ್ನು ಹುಡುಕುವುದು. ಮುಂಬಯಿಯ 'ಅಟಾಮಿಕ್ ಫಾರೆಸ್ಟ್' ತಂಡದ ಏಕೈಕ ತಟ್ಟೆಯನ್ನು 2011ರಲ್ಲಿ ಅಮೆರಿಕದ ನೌ-ಅಗೇನ್ ಸಂಸ್ಥೆ ಮತ್ತೆ ತಂದಿತು. ಚರಣಜಿತ್ ಸಿಂಗ್ ಎಂಬ ವಾದ್ಯಗಾರ 1982ರಲ್ಲಿ ಯಂತ್ರವಾದ್ಯಗಳ ಮೇಲೆ ಹತ್ತು ರಾಗಗಳನ್ನು ನುಡಿಸಿದ್ದ. ಆ ತಟ್ಟೆಯನ್ನು ಆಗ ಕೇಳುವವರಿರಲಿಲ್ಲ. ಡಚ್ ಸಂಗ್ರಾಹಕನೊಬ್ಬ ಅದನ್ನು ಆರಿಸಿ 2010ರಲ್ಲಿ ಮರುಮುದ್ರಿಸಿದ. ಮುದುಕನಾದ ಚರಣಜಿತ್ ಮುಂಬಯಿಯ ಮನೆಯಿಂದೆದ್ದು ಯೂರೋಪಿನ ವೇದಿಕೆಗಳಲ್ಲಿ ನುಡಿಸಿ ಬಂದ. 2015ರಲ್ಲಿ ತೀರಿಕೊಳ್ಳುವ ಮುನ್ನ ಐದು ವರ್ಷ ಆತ ತನ್ನ ಕೀರ್ತಿಯನ್ನು ತಾನೇ ಕಂಡ. ಮರುಮುದ್ರಣದ ಬಗೆಗೆ ನನಗಿರುವ ಗೌರವಕ್ಕೆ ಇದೇ ಕಾರಣ. ಹೊಳಪಿನ ರಟ್ಟು, ವಿಪರೀತ ಬೆಲೆ, ಸಂಗ್ರಾಹಕರ ಹುಚ್ಚು, ಇವನ್ನೆಲ್ಲ ಬದಿಗಿಡಿ. ತಟ್ಟೆಯೊಡನೆ ಬರುವ ಆ ಚಿಕ್ಕ ಪುಸ್ತಿಕೆಯಲ್ಲಿ ಗಿಟಾರು ಯಾರದು, ಮದ್ದಳೆ ಯಾರದು, ಯಾವ ಊರು, ಯಾವ ತಿಂಗಳು ಎಂದು ಒಬ್ಬೊಬ್ಬರ ಹೆಸರನ್ನೂ ಹಿಡಿದು ಬರೆದಿರುತ್ತಾರೆ.

ತಾಂಡಾಕ್ಕೂ ಆ ಕಾಲದ ಆ ಹುಚ್ಚಿಗೂ ನಂಟೇ ಇಲ್ಲವೆಂದುಕೊಳ್ಳಬೇಡಿ. ಅರವತ್ತರ ದಶಕದ ಕೊನೆಯಲ್ಲಿ ಹಿಪ್ಪಿಗಳು ಗೋವೆಯ ಕಡಲತೀರಕ್ಕೆ ಬಂದಿಳಿದರು. ಅಂಜುನಾದಲ್ಲಿ ಬುಧವಾರದ ಸಂತೆ ಬೆಳೆಯಿತು. ಕರ್ನಾಟಕದ ತಾಂಡಾಗಳಿಂದ ಹೋದ ಲಂಬಾಣಿ ಹೆಂಗಸರು ಕನ್ನಡಿ ಹೊಲಿದ ಚೀಲ, ಕವಡೆ ಕಟ್ಟಿದ ನಡುಪಟ್ಟಿಗಳನ್ನು ಅಲ್ಲಿ ಹರಡಿ ಕುಳಿತರು. ಆ ಕಾಲದ ಪಶ್ಚಿಮದ ಹಾಡುಗಾರರ ಉಡುಪಿನಲ್ಲಿ, ತಟ್ಟೆಯ ರಟ್ಟಿನ ಚಿತ್ರಗಳಲ್ಲಿ ನಮ್ಮ ಕಡೆಯ ಕಸೂತಿ ಕನ್ನಡಿಗಳ ಬೆಡಗು ಕಂಡಾಗಲೆಲ್ಲ ನನಗೆ ಬಸ್ಸಿನ ಛಾವಣಿಯ ಮೇಲಿನ ಆ ಬೆಳಕಿನ ಮೀನುಗಳ ನೆನಪಾಗುತ್ತದೆ. ಬಟ್ಟೆ ಲೋಕವನ್ನೆಲ್ಲ ಸುತ್ತಿತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಹಿಪ್ಪಿಗಳು ಚೀಲ ಕೊಂಡರು. ಆ ಚೀಲ ಹೊಲಿಯುವಾಗ ಆಕೆ ಏನು ಗುನುಗುತ್ತಿದ್ದಳೆಂದು ಕೇಳಲು ಅವರು ತಾಂಡಾದವರೆಗೆ ಬರಲಿಲ್ಲ. ಅವರನ್ನೇಕೆ ದೂರಬೇಕು? ಪಕ್ಕದೂರಿನವರಾದ ನಾವೂ ಹೋಗಲಿಲ್ಲ. ಎಚ್. ಎಲ್. ನಾಗೇಗೌಡರು ಹಳ್ಳಿಹಳ್ಳಿ ತಿರುಗಿ ಜನಪದ ಗೀತೆಗಳನ್ನು ಟೇಪಿಗೆ ಹಿಡಿದು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದಂಥ ಸಾಹಸಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು. ಡಿ. ಬಿ. ನಾಯಕರು ಲಂಬಾಣಿಗರ ಕಲೆ ಸಾಹಿತ್ಯಗಳ ಮೇಲೆ ಬರೆದ ಇಂಗ್ಲಿಷ್ ಗ್ರಂಥ 2000ದಲ್ಲಿ ಬಂತು. ಪುಸ್ತಕದಲ್ಲಿ ಹಾಡಿನ ಮಾತಿರುತ್ತದೆ, ದನಿಯಿರುವುದಿಲ್ಲ.

ಸಂಜೆ ವಿದ್ಯಾರ್ಥಿನಿ ತನ್ನವರು ಬೀಡುಬಿಟ್ಟಿದ್ದ ಮರದ ಕೆಳಗೆ ನನ್ನನ್ನು ಕರೆದೊಯ್ದಳು. ಮೂರು ಕಲ್ಲಿನ ಒಲೆ, ರೊಟ್ಟಿಯ ಹೊಗೆ. ಆಚೆ ತುಪ್ಪ, ಪಾಯಸಗಳನ್ನು ಕೆಂಡಕ್ಕೆ ಅರ್ಪಿಸಿ 'ಭೋಗ್' ನಡೆಸಿದವರ ಅರದಾಸ. ಅಜ್ಜಿಗೆ ಎಪ್ಪತ್ತೈದು ದಾಟಿರಬಹುದು. ತಾಂಡಾದಲ್ಲಿ ಫೇಟಿಯಾ, ಕಾಂಚಳಿ ತೊಡುವವರಲ್ಲಿ ತಾನೇ ಕೊನೆಯವಳೆಂದು ಆಕೆ ಹೇಳಿದಳು. ಸೊಸೆಯಂದಿರು ಸೀರೆಗೆ ಬಂದಿದ್ದಾರೆ, ಮೊಮ್ಮಗಳು ಚೂಡಿದಾರಕ್ಕೆ.

ಮೊಮ್ಮಗಳ ಮೊಬೈಲು ಸಿದ್ಧವಾಗಿತ್ತು. ಗಾಳಿಯ ಸದ್ದು ಬೀಳದಂತೆ ಅದರ ಮೂತಿಗೆ ಹತ್ತಿಬಟ್ಟೆ ಸುತ್ತಿದ್ದಳು. ತರಗತಿಯ ಪಾಠ ವ್ಯರ್ಥವಾಗಿರಲಿಲ್ಲ. ಆಕೆಗೆ ಬೇಕಾಗಿದ್ದುದು ಢಾವಲೋ. ಮದುವಣಗಿತ್ತಿ ತವರನ್ನು ಬಿಡುವಾಗ ತಾಯಿಯ, ಅತ್ತಿಗೆಯ, ಗೆಳತಿಯ ಕೊರಳು ಹಿಡಿದು ಹಾಡುವ ಅಳುವಿನ ಹಾಡು. ಹಾಡೇ ಅಳು, ಅಳುವೇ ಹಾಡು. ಮದುವೆಗೆ ಮೊದಲು ಹಿರಿಯ ಹೆಂಗಸರು ಹುಡುಗಿಯನ್ನು ಕೂಡಿಸಿಕೊಂಡು ದಿನಗಟ್ಟಲೆ ಕಲಿಸುತ್ತಿದ್ದರಂತೆ. ಈಗ ಛತ್ರದಲ್ಲಿ ಒಂದು ದಿನದ ಮದುವೆ. ಯಾರು ಕಲಿಸಬೇಕು, ಯಾರು ಕಲಿಯಬೇಕು? ತಾಂಡಾದಲ್ಲಿ ಅದನ್ನು ಪೂರ್ತಿಯಾಗಿ ಬಲ್ಲವಳು ಈ ಅಜ್ಜಿಯೊಬ್ಬಳೇ.

ಅಜ್ಜಿ ಮೊಬೈಲನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ತಲೆಯಾಡಿಸಿಬಿಟ್ಟಳು. ಮೊಮ್ಮಗಳು ಅಂಗಲಾಚಿದಳು. ಅಜ್ಜಿ ಗೋರಬೋಲಿಯಲ್ಲಿ ಖಡಾಖಂಡಿತವಾಗಿ ಏನೋ ಹೇಳಿ, ನನಗಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದಳು: "ಮನೆ ಬಿಟ್ಟು ಹೋಗೋ ಮಗಳು ಇಲ್ಲದೆ ಅದನ್ನ ಹಾಡಬಾರದಪ್ಪ. ಹಾಡಿದರೆ ಯಾರೋ ಹೋದಂಗೆ ಆಗತೈತಿ."

ಇದಕ್ಕೆ ಮರುಮುದ್ರಣದವರ ಬಳಿ ಉತ್ತರವಿಲ್ಲ. ಸಿಮ್ಲಾ ಸ್ಪರ್ಧೆಯ ಹುಡುಗರ ಹಾಡು ಯಾವ ಕೋಣೆಯಲ್ಲಾದರೂ, ಯಾವ ಹೊತ್ತಿನಲ್ಲಾದರೂ ಅದೇ ಹಾಡು. ಕೇಳಿಸಲೆಂದೇ ಹುಟ್ಟಿದ್ದು, ಮಾರಲೆಂದೇ ಅಚ್ಚಾದದ್ದು. ಅಜ್ಜಿಯ ಹಾಡಿಗೆ ಒಬ್ಬ ಮಗಳು ಬೇಕು, ಒಂದು ಹೊಸಿಲು ಬೇಕು. ಆಕೆ ಒಪ್ಪಿ ಹಾಡಿದ್ದರೆ ನಾವು ಹಿಡಿಯುತ್ತಿದ್ದುದು ಅದರ ಚರ್ಮವನ್ನೇ ಇರಬಹುದು. ಆದರೂ ನನ್ನ ಮನಸ್ಸು ಒಪ್ಪದು. ಚರ್ಮವಾದರೂ ಉಳಿಯಲೆಂದು ಆಸೆಪಡುವ ಮೊಮ್ಮಗಳ ಪಕ್ಷವೇ ನನ್ನದು. ಅಜ್ಜಿಯನ್ನು ಬಲವಂತಪಡಿಸುವ ಹಕ್ಕು ನಮ್ಮಿಬ್ಬರಿಗೂ ಇಲ್ಲವೆಂಬುದೂ ಅಷ್ಟೇ ನಿಜ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. "ನನ್ನ ಮದುವೆವರೆಗೂ ನೀನು ಇರಬೇಕಲ್ಲ?" ಎಂದು ಗದ್ಗದಿಸಿದಳು. "ಬೇಗ ಮಾಡಿಕೋ" ಎಂದಳು ಅಜ್ಜಿ. ಒಲೆಯ ಸುತ್ತ ಕುಳಿತವರೆಲ್ಲ ಗೊಳ್ಳೆಂದು ನಕ್ಕರು. ಪದವಿಯ ಕೊನೆಯ ವರ್ಷದಲ್ಲಿರುವ ಆಕೆಯೊಬ್ಬಳು ನಗಲಿಲ್ಲ.

ರೊಟ್ಟಿಯಾದ ಮೇಲೆ ಅಜ್ಜಿಯ ಮನಸ್ಸು ಕೊಂಚ ಕರಗಿತು. ಹಾಡಲಿಲ್ಲ, ಮಾತಾಡಿದಳು. ತನ್ನ ಮದುವೆಯಲ್ಲಿ ಎತ್ತಿನ ಬೆನ್ನ ಮೇಲೆ ನಿಂತು ಹಾಡಿದ್ದನ್ನು ಹೇಳಿದಳು. ಎತ್ತು ಬೆದರಿ ಎರಡು ಹೆಜ್ಜೆ ಸರಿದಾಗ ಹಾಡು ತಪ್ಪಿತೆಂದೂ, ತಾಯಿ ಕೆಳಗಿನಿಂದ ಆ ಸಾಲನ್ನು ಎತ್ತಿಕೊಟ್ಟಳೆಂದೂ ಹೇಳಿದಳು. ಅದು ಯಾವ ವರ್ಷವೆಂದು ಆಕೆಗೆ ತಿಳಿಯದು. ಹಿರಿಯ ಮಗನ ವಯಸ್ಸನ್ನು ಹಿಡಿದು ಮೊಮ್ಮಗಳು ಲೆಕ್ಕ ಹಾಕಿ 1967, ಇಲ್ಲವೇ 1968 ಎಂದಳು. ಬಿದ್ದುವಿನ ತಟ್ಟೆ ಲಂಡನ್ನಿನ ಅಂಗಡಿಗಳಲ್ಲಿ ಮಾರಾಟವಾಗದೆ ಕುಳಿತಿದ್ದ ದಿನಗಳು ಅವು.

"ಹೋಳಿ ಹುಣ್ಣಿಮೆಗೆ ತಾಂಡಾಕ್ಕೆ ಬಾ. ಲೇಂಗಿ ಹಾಡತೀವಿ. ಆವಾಗ ಎಷ್ಟು ಬೇಕಾದರೂ ಹಿಡಕೊ" ಎಂದಳು ಅಜ್ಜಿ, ಮೊಬೈಲಿನ ಕಡೆಗೆ ಬೆರಳು ಮಾಡಿ. ಮೊಮ್ಮಗಳು ಕೂಡಲೇ ನೋಟುಬುಕ್ಕು ತೆಗೆದು ಹೆಸರು, ವಯಸ್ಸು, ತಾಂಡಾ ಎಂದು ಮೂರು ಅಂಕಣ ಗೀಚಿದಳು. ಅಜ್ಜಿ ತನ್ನ ಹೆಸರಿನ ಮೇಲೆ ತಾಯಿಯ ಹೆಸರು ಬರೆಯಬೇಕೆಂದಳು. ಲೇಂಗಿಗಳೆಲ್ಲ ತಾಯಿಯ ಬಾಯಿಂದ ಬಂದವಂತೆ. ತಾಯಿಯ ತಾಂಡಾದ ಹೆಸರೇನೆಂಬಲ್ಲಿ ತೊಡಕಾಯಿತು. ಅದು ಅಜ್ಜಿಯ ಕಾಲದಲ್ಲಿಯೇ ಎರಡು ಸಲ ಜಾಗ ಬದಲಿಸಿತ್ತು, ಪ್ರತಿಸಲವೂ ಆಗಿನ ನಾಯ್ಕನ ಹೆಸರು ತಾಳಿತ್ತು. ಅಜ್ಜಿ ಒಂದು ಹೆಸರು ಹೇಳಿದರೆ ಆಕೆಯ ತಮ್ಮ ಮತ್ತೊಂದು ಹೇಳಿದ. ಪಕ್ಕದ ಬಿಡಾರದ ಮುದುಕನೊಬ್ಬ ಬೀಡಿ ಆರಿಸಿ ಬಂದು ಮೂರನೆಯದನ್ನು ಸೇರಿಸಿದ. ಹುಡುಗಿ ಮೂರನ್ನೂ ಬರೆದುಕೊಂಡು ಒಂದೊಂದರ ಮುಂದೆಯೂ ಪ್ರಶ್ನೆಯ ಚಿಹ್ನೆ ಇಟ್ಟಳು. ಕೊನೆಯ ಬಸ್ಸಿನ ಕಂಡಕ್ಟರು ಶಿವಮೊಗ್ಗ, ಶಿವಮೊಗ್ಗ ಎಂದು ಕೂಗಿ ನನ್ನನ್ನು ಹತ್ತಿಸಿಕೊಳ್ಳುವಾಗಲೂ ಆ ಮೂವರ ವಾದ ಮುಗಿದಿರಲಿಲ್ಲ.